ಹಸುಗೂಸಿನ ಹೊಟ್ಟೆಯಲ್ಲಿ ಅವಳಿ ಭ್ರೂಣ: ಸ್ಕ್ಯಾನಿಂಗ್‌ನಿಂದ ಪತ್ತೆ ಹೇಗೆ?

"ಹುಟ್ಟಿದ ಮಗುವಿನ ಹೊಟ್ಟೆಯಲ್ಲಿ ಇನ್ನೊಂದು ಮಗು!" ಇಂತಹ ತಲೆಬರಹದ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂತಹ ಸುದ್ದಿ ಬಂದಾಗ ಕೆಲವರು ಸುಳ್ಳೆಂದು ಅಳಿಸಿಬಿಡುತ್ತಾರೆ. ಕೆಲವರು ಕಿಯಾಮತ್ತಿನ ಕುರುಹು ಎಂದು ಹತ್ತು ಜನರಿಗೆ ಕಳುಹಿಸುತ್ತಾರೆ. ನಿಜವಾಗಿ ಅದು ಸುಳ್ಳೂ ಅಲ್ಲ, ಪವಾಡವೂ ಅಲ್ಲ. ವೈದ್ಯರು ಇನ್ನೂರು ವರ್ಷಗಳಿಂದ ಬಲ್ಲ ಒಂದು ಅಪರೂಪದ ಜನ್ಮಜಾತ ತೊಂದರೆ ಅದು. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಹುಟ್ಟಿದ ಒಂದು ಗಂಡುಮಗುವಿನಲ್ಲಿ ವೈದ್ಯರು ಇದನ್ನು ಗುರುತಿಸಿದರು. ಮೊದಲು ಅಲ್ಟ್ರಾಸೌಂಡ್, ನಂತರ ಎಂಆರ್‌ಐ ಮಾಡಿ ನೋಡಿದಾಗ ಕೂಸಿನ ದೇಹದೊಳಗೆ ಬೆನ್ನುಮೂಳೆಯಿದ್ದ ಒಂದು ಭ್ರೂಣ ಕಂಡಿತ್ತು.

ಇಷ್ಟು ಅಪರೂಪದ ವಿಷಯವನ್ನು ಪೆರೇಸಂದ್ರದಂತಹ ಊರಿನವರು ಏಕೆ ತಿಳಿಯಬೇಕು ಎಂದು ನೀವು ಕೇಳಬಹುದು. ಉತ್ತರ ಸರಳ. ಈ ತೊಂದರೆ ಅಪರೂಪ, ಆದರೆ ಕೂಸಿನ ಹೊಟ್ಟೆ ಊದಿಕೊಳ್ಳುವುದು, ಹೊಟ್ಟೆಯಲ್ಲಿ ಗಂಟು ಸಿಗುವುದು ಅಷ್ಟು ಅಪರೂಪವಲ್ಲ. ಅಂತಹ ಗಂಟು ಮೂತ್ರಪಿಂಡದ ಊತವಾಗಿರಬಹುದು, ಗೆಡ್ಡೆಯಾಗಿರಬಹುದು, ಕ್ಯಾನ್ಸರೂ ಆಗಿರಬಹುದು. ಯಾವುದೇ ಆಗಿರಲಿ, ಅದನ್ನು ಪತ್ತೆ ಮಾಡುವ ದಾರಿ ಒಂದೇ. ಆ ದಾರಿ ಗೊತ್ತಿದ್ದವರು ಮಗುವನ್ನು ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ತಲುಪಿಸುತ್ತಾರೆ. ಗೊತ್ತಿಲ್ಲದವರು ತಿಂಗಳುಗಟ್ಟಲೆ ನಜರ್ ತೆಗೆಸುತ್ತಾ, ಕಷಾಯ ಕುಡಿಸುತ್ತಾ ಕಾಲ ಕಳೆಯುತ್ತಾರೆ.

ಏನಿದು?

ವೈದ್ಯರು ಇದನ್ನು 'ಫೀಟಸ್ ಇನ್ ಫೀಟು' ಎನ್ನುತ್ತಾರೆ. ಅಂದರೆ ಭ್ರೂಣದೊಳಗಿನ ಭ್ರೂಣ. ಸುಮಾರು 5 ಲಕ್ಷ ಹೆರಿಗೆಗಳಿಗೆ ಒಂದರಂತೆ ಇದು ಕಂಡುಬರುತ್ತದೆ ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಜರ್ಮನಿಯ ಅಂಗರಚನಾ ತಜ್ಞ ಯೋಹಾನ್ ಫ್ರೀಡ್ರಿಕ್ ಮೆಕೆಲ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇದನ್ನು ಮೊದಲು ವಿವರಿಸಿದರು.

ಇದು ಉಂಟಾಗುವ ಬಗೆಯನ್ನು ಅರಿಯಲು ಅವಳಿ ಮಕ್ಕಳು ಹೇಗಾಗುತ್ತಾರೆಂದು ಮೊದಲು ತಿಳಿಯಬೇಕು. ಅವಳಿಗಳಲ್ಲಿ ಎರಡು ಬಗೆ. ಎರಡು ಅಂಡಗಳು ಬೇರೆ ಬೇರೆಯಾಗಿ ಫಲಿತವಾದರೆ ಹುಟ್ಟುವ ಅವಳಿಗಳು ಸಾಮಾನ್ಯ ಅಣ್ಣತಮ್ಮಂದಿರಂತೆ, ಅಕ್ಕತಂಗಿಯರಂತೆ ಇರುತ್ತಾರೆ. ಒಂದೇ ಫಲಿತ ಅಂಡ ಎರಡಾಗಿ ಒಡೆದರೆ ತದ್ರೂಪಿ ಅವಳಿಗಳು ಹುಟ್ಟುತ್ತಾರೆ. ಹೀಗೆ ಒಡೆಯುವಾಗ ಎರಡು ಪಾಲೂ ಸಮವಾಗಿದ್ದು, ಪೂರ್ತಿಯಾಗಿ ಬೇರೆಯಾದರೆ ಎರಡು ಆರೋಗ್ಯವಂತ ಮಕ್ಕಳು. ಪೂರ್ತಿ ಬೇರೆಯಾಗದಿದ್ದರೆ ಅಂಟಿಕೊಂಡ ಅವಳಿಗಳು. ಒಂದು ಪಾಲು ದೊಡ್ಡದು, ಇನ್ನೊಂದು ತೀರಾ ಚಿಕ್ಕದಾಗಿ ಒಡೆದರೆ ಚಿಕ್ಕದು ಬೆಳೆಯಲಾರದೆ ಹಿಂದೆ ಬೀಳುತ್ತದೆ. ಗರ್ಭದ ಮೊದಲ ವಾರಗಳಲ್ಲಿ ಭ್ರೂಣ ಚಪ್ಪಟೆ ತಟ್ಟೆಯಂತಿದ್ದು ನಂತರ ಮಡಚಿಕೊಂಡು ದೇಹದ ಆಕಾರ ಪಡೆಯುತ್ತದೆ. ಆ ಮಡಚುವಿಕೆಯ ಹೊತ್ತಿನಲ್ಲಿ ಹಿಂದೆ ಬಿದ್ದ ಅವಳಿ, ಬೆಳೆಯುತ್ತಿರುವ ಅವಳಿಯ ದೇಹದೊಳಗೆ ಸೇರಿಹೋಗುತ್ತದೆ. ಹೆಚ್ಚಿನ ತಜ್ಞರು ಒಪ್ಪುವ ವಿವರಣೆ ಇದು. ಇದು ಅವಳಿಯೇ ಅಲ್ಲ, ಬಹಳ ಮುಂದುವರಿದು ಬೆಳೆದ ಒಂದು ಬಗೆಯ ಗೆಡ್ಡೆ ಎಂದು ವಾದಿಸುವ ತಜ್ಞರೂ ಇದ್ದಾರೆ.

ಒಳಗೆ ಸೇರಿದ ಈ ಭ್ರೂಣಕ್ಕೆ ಸ್ವಂತ ಜೀವನವಿಲ್ಲ. ಅದರಲ್ಲಿ ಬೆನ್ನುಮೂಳೆ, ಕೈಕಾಲಿನ ಮೂಳೆ, ಚರ್ಮ, ಕೂದಲು, ಕೆಲವೊಮ್ಮೆ ಕರುಳಿನ ತುಂಡು ಕಾಣಬಹುದು. ಆದರೆ ಬೆಳೆದ ಮೆದುಳಾಗಲಿ, ಜೀವವನ್ನು ನಡೆಸಬಲ್ಲ ಹೃದಯವಾಗಲಿ ಇರುವುದಿಲ್ಲ. ಒಂದು ತೆಳು ಚೀಲದಲ್ಲಿದ್ದುಕೊಂಡು, ಕೂಸಿನ ರಕ್ತನಾಳದಿಂದಲೇ ರಕ್ತ ಪಡೆಯುತ್ತಾ ಅದು ಉಳಿದಿರುತ್ತದೆ. ಎಂದಾದರೂ ಪೂರ್ಣ ಮಗುವಾಗಿ ಬೆಳೆಯುವ ಸಾಧ್ಯತೆ ಅದಕ್ಕಿಲ್ಲ.

ಆದ್ದರಿಂದ "ಮಗುವೇ ಗರ್ಭಿಣಿ" ಎಂಬ ಮಾತು ಶುದ್ಧ ತಪ್ಪು. ಇದು ಗಂಡುಮಕ್ಕಳಲ್ಲೂ ಹೆಣ್ಣುಮಕ್ಕಳಲ್ಲೂ ಬರುತ್ತದೆ. ಇದು ಇರುವುದು ಗರ್ಭಕೋಶದಲ್ಲಲ್ಲ. ಹೆಚ್ಚಿನ ಸಲ ಹೊಟ್ಟೆಯ ಹಿಂಭಾಗದಲ್ಲಿ, ಕರುಳಿನ ಹಿಂದೆ, ಮೂತ್ರಪಿಂಡಗಳ ಹತ್ತಿರ ಇರುತ್ತದೆ. ಅಪರೂಪಕ್ಕೆ ಎದೆಯಲ್ಲಿ, ತಲೆಬುರುಡೆಯೊಳಗೆ, ಬೆನ್ನಿನ ಕೆಳಭಾಗದಲ್ಲಿ, ವೃಷಣದ ಚೀಲದಲ್ಲಿ ಸಿಕ್ಕಿದ್ದೂ ಉಂಟು. ಒಳಗಿನ ಭ್ರೂಣವು ಕೂಸಿನ ಮಗುವಲ್ಲ. ಹುಟ್ಟಬೇಕಿದ್ದು ಹುಟ್ಟದೆ ಹೋದ ಅದರ ಒಡಹುಟ್ಟು.

ತಾಯಿಯ ತಪ್ಪೇ?

ಇಂತಹ ಮಗು ಹುಟ್ಟಿದ ಮನೆಯಲ್ಲಿ ಮೊದಲು ಬೆರಳು ತೋರಿಸುವುದು ತಾಯಿಯ ಕಡೆಗೆ. ಗ್ರಹಣದ ದಿನ ಹೊರಗೆ ಬಂದಳು, ಮಾಡಬಾರದ್ದನ್ನು ಮಾಡಿದಳು, ತಿನ್ನಬಾರದ್ದನ್ನು ತಿಂದಳು, ಅವಳ ತವರಿನ ಕಡೆಯೇ ಹೀಗೆ ಎಂಬ ಮಾತುಗಳು ಶುರುವಾಗುತ್ತವೆ. ಹೆರಿಗೆಯ ನೋವೂ ಆರದ ಬಾಣಂತಿ ಈ ಮಾತುಗಳನ್ನು ಕೇಳುತ್ತಾ ಮಗುವಿಗೆ ಹಾಲು ಕೊಡಬೇಕು.

ತಿಳಿದುಕೊಳ್ಳಿ. ಅಂಡ ಒಡೆಯುವ ಈ ವ್ಯತ್ಯಾಸ ಆಗುವುದು ಗರ್ಭ ನಿಂತ ಮೊದಲ ಒಂದೆರಡು ವಾರಗಳಲ್ಲಿ. ಆ ಹೊತ್ತಿಗೆ ತನಗೆ ಗರ್ಭ ನಿಂತಿದೆ ಎಂಬುದೇ ಹೆಚ್ಚಿನ ಹೆಣ್ಣುಮಕ್ಕಳಿಗೆ ಗೊತ್ತಿರುವುದಿಲ್ಲ. ಅವಳು ತಿಂದದ್ದು, ನೋಡಿದ್ದು, ಓಡಾಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ. ಮನೆಯ ಹಿರಿಯರು, ಮುಖ್ಯವಾಗಿ ಅತ್ತೆ ಮತ್ತು ಗಂಡ, ಇದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬೇಕು. ಸಂಬಂಧಿಕರ ಬಾಯಿ ಮುಚ್ಚುವುದು ಆಗ ಮಾತ್ರ.

ಮನೆಯಲ್ಲಿ ಕಾಣುವ ಲಕ್ಷಣಗಳು

ಈ ತೊಂದರೆಯ ಬಹುಪಾಲು ಪ್ರಕರಣಗಳು ಬೆಳಕಿಗೆ ಬರುವುದು ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ, ಹೊಟ್ಟೆಯಲ್ಲಿ ಗಂಟು ಎಂಬ ದೂರಿನಿಂದ. ಆ ಗಂಟು ಮೊದಲು ಸಿಗುವುದು ಸಾಮಾನ್ಯವಾಗಿ ವೈದ್ಯರ ಕೈಗಲ್ಲ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಮ್ಮನ ಅಥವಾ ನಾನಿಯ ಕೈಗೆ. ಆದ್ದರಿಂದ ಸ್ನಾನದ ಹೊತ್ತಿನಲ್ಲಿ ಗಮನವಿಟ್ಟು ನೋಡಿ:

• ಹೊಟ್ಟೆ ಒಂದು ಬದಿಗೆ ಮಾತ್ರ ಉಬ್ಬಿದೆಯೇ? ಗಾಳಿ ತುಂಬಿದ ಹೊಟ್ಟೆ ಸಾಮಾನ್ಯವಾಗಿ ಎಲ್ಲ ಕಡೆ ಸಮನಾಗಿ ಉಬ್ಬಿ, ಗಾಳಿ ಹೋದ ಮೇಲೆ ಇಳಿಯುತ್ತದೆ. ಗಂಟು ಇಳಿಯುವುದಿಲ್ಲ.
• ಕೈಗೆ ಗಟ್ಟಿಯಾದ ಉಂಡೆ ಸಿಗುತ್ತದೆಯೇ? ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದೆಯೇ?
• ಹಾಲು ಕುಡಿದ ಕೂಡಲೇ ಪದೇ ಪದೇ ವಾಂತಿ ಆಗುತ್ತಿದೆಯೇ? ಗಂಟು ಜಠರವನ್ನೋ ಕರುಳನ್ನೋ ಒತ್ತಿದರೆ ಹೀಗಾಗುತ್ತದೆ.
• ಮೂತ್ರ ಕಡಿಮೆಯಾಗಿದೆಯೇ? ಮೂತ್ರನಾಳ ಒತ್ತಲ್ಪಟ್ಟರೆ ಹೀಗಾಗುತ್ತದೆ.
• ಉಸಿರಾಟ ವೇಗವಾಗಿದೆಯೇ? ಎದೆಗೂಡಿನ ಕೆಳಗೆ ಗುಳಿ ಬೀಳುತ್ತಿದೆಯೇ? ದೊಡ್ಡ ಗಂಟು ವಪೆಯನ್ನು ಮೇಲಕ್ಕೆ ತಳ್ಳಿದಾಗ ಶ್ವಾಸಕೋಶಕ್ಕೆ ಜಾಗ ಸಾಲದು.
• ಹೊಟ್ಟೆ ದೊಡ್ಡದಾಗುತ್ತಿದ್ದರೂ ಕೈಕಾಲು ಸೊರಗುತ್ತಿವೆಯೇ? ತೂಕ ಏರುತ್ತಿಲ್ಲವೇ?

ಉಸಿರಾಟದ ತೊಂದರೆ, ಹಸಿರು ಬಣ್ಣದ ವಾಂತಿ, ಮೂತ್ರ ಪೂರ್ತಿ ನಿಂತಿರುವುದು – ಇವುಗಳಲ್ಲಿ ಒಂದಿದ್ದರೂ ನಾಳೆಗೆ ಮುಂದೂಡಬೇಡಿ. 108ಕ್ಕೆ ಕರೆ ಮಾಡಿ. ಉಳಿದ ಲಕ್ಷಣಗಳಿದ್ದರೆ ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಿ.

ಮಾಡಬಾರದ್ದು

ಗಂಟು ಸಿಕ್ಕಿತೆಂದು ಅದನ್ನು ಕರಗಿಸಲು ತಿಕ್ಕಬೇಡಿ, ಒತ್ತಿ ನೋಡುತ್ತಿರಬೇಡಿ, ಬಂದವರಿಗೆಲ್ಲ ಮುಟ್ಟಿಸಬೇಡಿ. ಅದು ಮೂತ್ರಪಿಂಡದ ಕ್ಯಾನ್ಸರ್ ಗೆಡ್ಡೆಯಾಗಿದ್ದರೆ ಒತ್ತಡಕ್ಕೆ ಒಡೆದು ಹೊಟ್ಟೆಯೆಲ್ಲ ಹರಡುವ ಅಪಾಯವಿದೆ. ಆಸ್ಪತ್ರೆಗಳಲ್ಲೂ ಇಂತಹ ಮಕ್ಕಳ ಹೊಟ್ಟೆಯನ್ನು ಪದೇ ಪದೇ ಒತ್ತಬಾರದು ಎಂಬ ಎಚ್ಚರಿಕೆ ಇರುತ್ತದೆ.

ಹೊಟ್ಟೆ ಉಬ್ಬಿದ ಕೂಸಿಗೆ ಬರೆ ಹಾಕಿಸುವ ಪದ್ಧತಿ ಇಂದಿಗೂ ಕೆಲವು ಕಡೆ ಉಳಿದಿದೆ. ಕಾಯಿಸಿದ ಕಬ್ಬಿಣದಿಂದಲೋ ಬಳೆಯ ಚೂರಿನಿಂದಲೋ ಸುಡುವುದರಿಂದ ಹೊಟ್ಟೆಯೊಳಗಿನ ಯಾವ ಗಂಟೂ ಕರಗುವುದಿಲ್ಲ. ಸುಟ್ಟ ಗಾಯಕ್ಕೆ ಸೋಂಕು ತಗುಲಿ ಕೂಸು ನಂಜಿನಿಂದ ಸಾಯಬಹುದು. ಸೊಂಟಕ್ಕೆ ಬಿಗಿಯಾಗಿ ದಾರ ಕಟ್ಟುವುದೂ ಬೇಡ. ದುಆ ಮಾಡಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ದುಆ ಮಾಡುತ್ತಲೇ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ. ಔಷಧೋಪಚಾರ ಮಾಡಿಸಿಕೊಳ್ಳಿ ಎಂಬುದು ನಮ್ಮ ಪ್ರವಾದಿಯವರ(ಸ) ಬೋಧನೆಯೇ ಆಗಿದೆ.

ಸ್ಕ್ಯಾನಿಂಗ್‌ನ ಮೆಟ್ಟಿಲುಗಳು

ಹೊಟ್ಟೆಯ ಮೇಲಿಂದ ಕೈಯಿಟ್ಟು ನೋಡಿ ಒಳಗಿರುವುದು ಏನೆಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಅದಕ್ಕಾಗಿ ಒಂದರ ನಂತರ ಒಂದು ಪರೀಕ್ಷೆ ಬರೆಯುತ್ತಾರೆ. "ಇಷ್ಟೊಂದು ಸ್ಕ್ಯಾನಿಂಗ್ ಏಕೆ? ದುಡ್ಡು ಕೀಳಲಿಕ್ಕೆ" ಎಂದು ಕೆಲವರು ನಡುವೆಯೇ ಮಗುವನ್ನು ಮನೆಗೆ ಕರೆತರುತ್ತಾರೆ. ಪ್ರತಿ ಪರೀಕ್ಷೆ ಏನನ್ನು ತೋರಿಸುತ್ತದೆಂದು ಅರಿತರೆ ಈ ಅನುಮಾನ ಕಡಿಮೆಯಾಗುತ್ತದೆ.

ಅಲ್ಟ್ರಾಸೌಂಡ್: ಇದೇ ಮೊದಲ ಮೆಟ್ಟಿಲು. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಉಪಕರಣವನ್ನು ಆಡಿಸುತ್ತಾರೆ. ಇದರಲ್ಲಿ ಎಕ್ಸ್‌ರೇ ಕಿರಣವಿಲ್ಲ, ನೋವಿಲ್ಲ, ಚುಚ್ಚುಮದ್ದಿಲ್ಲ. ಕೇವಲ ಶಬ್ದದ ಅಲೆ ಒಳಗೆ ಹೋಗಿ ಹಿಂದಿರುಗುತ್ತದೆ. ಗಂಟಿನೊಳಗೆ ನೀರಿದೆಯೋ ಗಟ್ಟಿ ಪದಾರ್ಥವಿದೆಯೋ, ಅದು ಮೂತ್ರಪಿಂಡದಿಂದ ಹೊರಟಿದೆಯೋ ಯಕೃತ್ತಿನಿಂದಲೋ ಎಂಬುದು ಇಲ್ಲಿ ತಿಳಿಯುತ್ತದೆ. ನೀರಿನ ಚೀಲ, ಅದರೊಳಗೆ ತೂಗುತ್ತಿರುವ ಗಟ್ಟಿ ಭಾಗ, ಆ ಗಟ್ಟಿ ಭಾಗದಲ್ಲಿ ಮೂಳೆಯಂತೆ ಹೊಳೆಯುವ ಗೆರೆಗಳು ಕಂಡರೆ ತಜ್ಞರಿಗೆ ಒಳಗಿನ ಭ್ರೂಣದ ಅನುಮಾನ ಬರುತ್ತದೆ. ಡಾಪ್ಲರ್ ಎಂಬ ವಿಧಾನದಿಂದ ರಕ್ತದ ಹರಿವನ್ನೂ ನೋಡಬಹುದು.

ಎಕ್ಸ್‌ರೇ: ಅತ್ಯಂತ ಹಳೆಯ, ಅಗ್ಗದ ಪರೀಕ್ಷೆ. ಕೂಸಿನ ಸ್ವಂತ ಬೆನ್ನುಮೂಳೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆನ್ನುಮೂಳೆಯೋ ಕಾಲಿನ ಉದ್ದ ಮೂಳೆಯೋ ಕಂಡರೆ ಅದು ದೊಡ್ಡ ಸುಳಿವು. ಆದರೆ ಎಕ್ಸ್‌ರೇಯಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ಹೇಳಲಾಗದು. ಮೂಳೆ ಇನ್ನೂ ಗಟ್ಟಿಯಾಗದೆ ಮೃದ್ವಸ್ಥಿಯಾಗಿಯೇ ಇದ್ದರೆ ಎಕ್ಸ್‌ರೇಗೆ ಅದು ಕಾಣುವುದಿಲ್ಲ.

ಸಿಟಿ ಸ್ಕ್ಯಾನ್: ಇದು ದೇಹವನ್ನು ಬ್ರೆಡ್ಡಿನ ಹೋಳುಗಳಂತೆ ಪದರ ಪದರವಾಗಿ ತೋರಿಸುತ್ತದೆ. ಮೂಳೆಗಳು ಸ್ಪಷ್ಟವಾಗಿ ಕಾಣುತ್ತವೆ. ರಕ್ತನಾಳಕ್ಕೆ ಬಣ್ಣದ ಔಷಧಿ, ಅಂದರೆ ಕಾಂಟ್ರಾಸ್ಟ್ ಕೊಟ್ಟು ತೆಗೆದರೆ ಒಳಗಿನ ಭ್ರೂಣಕ್ಕೆ ಯಾವ ನಾಳದಿಂದ ರಕ್ತ ಹೋಗುತ್ತಿದೆ, ಗಂಟು ಮಹಾಪಧಮನಿಗೆ ಎಷ್ಟು ಹತ್ತಿರವಿದೆ ಎಂಬುದೂ ತಿಳಿಯುತ್ತದೆ. ಇದರಲ್ಲಿ ವಿಕಿರಣವಿರುವುದರಿಂದ ಅಗತ್ಯವಿದ್ದಾಗ ಮಾತ್ರ, ಮಗುವಿಗೆ ತಕ್ಕ ಕಡಿಮೆ ಪ್ರಮಾಣದಲ್ಲಿ ತೆಗೆಯುತ್ತಾರೆ. ಅಗತ್ಯವಿದ್ದಾಗ ಹೆದರಿ ಬಿಡುವುದೂ ತಪ್ಪು, ಒಂದು ಕಡೆ ತೆಗೆದಿದ್ದನ್ನು ತೋರಿಸದೆ ಇನ್ನೊಂದು ಕಡೆ ಮತ್ತೆ ತೆಗೆಸುವುದೂ ತಪ್ಪು.

ಎಂಆರ್‌ಐ: ಇದರಲ್ಲಿ ವಿಕಿರಣವಿಲ್ಲ, ಅಯಸ್ಕಾಂತದ ಬಲದಿಂದ ಚಿತ್ರ ತೆಗೆಯುತ್ತಾರೆ. ಮೃದುವಾದ ಅಂಗಗಳು, ಕೊಬ್ಬು, ನರ, ಬೆನ್ನುಹುರಿಯ ಜೊತೆಗಿನ ಸಂಬಂಧ ಇದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಹುಬ್ಬಳ್ಳಿಯ ಕೂಸಿಗೆ ಅಲ್ಟ್ರಾಸೌಂಡ್ ನಂತರ ಮಾಡಿದ್ದು ಇದನ್ನೇ. ಯಂತ್ರ ಬಹಳ ಸದ್ದು ಮಾಡುತ್ತದೆ, ಸಮಯವೂ ಹಿಡಿಯುತ್ತದೆ. ಕೂಸು ಅಲುಗಾಡಿದರೆ ಚಿತ್ರ ಕೆಡುತ್ತದೆ. ಆದ್ದರಿಂದ ತೀರಾ ಎಳೆಯ ಕೂಸಿಗೆ ಹಾಲು ಕುಡಿಸಿ, ಬಟ್ಟೆ ಸುತ್ತಿ ಮಲಗಿಸಿ ತೆಗೆಯುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ ನಿದ್ದೆಯ ಔಷಧಿ ಕೊಡುತ್ತಾರೆ. ನಿದ್ದೆಯ ಔಷಧಿ ಕೊಡುವುದಿದ್ದರೆ ಎಷ್ಟು ಗಂಟೆ ಹಾಲು ಕೊಡಬಾರದೆಂದು ಮೊದಲೇ ಕೇಳಿಕೊಳ್ಳಿ, ಆ ಮಾತನ್ನು ತಪ್ಪದೆ ಪಾಲಿಸಿ. ಅಳುತ್ತದೆಂದು ಕದ್ದು ಹಾಲು ಕೊಟ್ಟರೆ ನಿದ್ದೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಮಗುವಿನ ಕೊರಳಿನ, ತೋಳಿನ, ಸೊಂಟದ ಲೋಹದ ತಾಯಿತ, ಉಡಿದಾರ, ಬೆಳ್ಳಿ ಕಡಗಗಳನ್ನೂ ಮೊದಲೇ ಬಿಚ್ಚಿಡಬೇಕು.

ಅದೇ ಎಂದು ಹೇಗೆ ಹೇಳುತ್ತಾರೆ?

ಕೂಸಿನ ಹೊಟ್ಟೆಯ ಗಂಟುಗಳಲ್ಲಿ ಹೆಚ್ಚಿನವು ಮೂತ್ರಪಿಂಡಕ್ಕೆ ಸಂಬಂಧಿಸಿದವು. ಮೂತ್ರ ಮುಂದಕ್ಕೆ ಹರಿಯದೆ ಮೂತ್ರಪಿಂಡ ಊದುವುದು ಅವುಗಳಲ್ಲಿ ಸಾಮಾನ್ಯ. ಇದಲ್ಲದೆ ವಿಲ್ಮ್ಸ್ ಎಂಬ ಮೂತ್ರಪಿಂಡದ ಕ್ಯಾನ್ಸರ್, ನ್ಯೂರೋಬ್ಲಾಸ್ಟೋಮ ಎಂಬ ನರಕೋಶಗಳ ಕ್ಯಾನ್ಸರ್, ಟೆರಟೋಮ ಎಂಬ ಗೆಡ್ಡೆಗಳೂ ಇವೆ. ಒಳಗಿನ ಭ್ರೂಣದೊಂದಿಗೆ ಹೆಚ್ಚು ಗೊಂದಲವಾಗುವುದು ಈ ಟೆರಟೋಮದೊಂದಿಗೆ. ಅದರಲ್ಲೂ ಕೂದಲು, ಹಲ್ಲು, ಮೂಳೆಯ ಚೂರು ಇರಬಹುದು. ಆದರೆ ಅವೆಲ್ಲ ಗೋಣಿಚೀಲದಲ್ಲಿ ಸುರಿದ ಸಾಮಾನಿನಂತೆ ಕಲಸಿಕೊಂಡಿರುತ್ತವೆ. ಒಳಗಿನ ಭ್ರೂಣದಲ್ಲಿ ಒಂದು ವ್ಯವಸ್ಥೆ ಇರುತ್ತದೆ: ನಡುವೆ ಬೆನ್ನುಮೂಳೆ, ಅದರ ಸುತ್ತ ಅದಕ್ಕೆ ಸಂಬಂಧಿಸಿದ ಜಾಗದಲ್ಲಿ ಅಂಗಗಳು.

ಆಸ್ಟ್ರೇಲಿಯಾದ ರೋಗಶಾಸ್ತ್ರಜ್ಞ ವಿಲ್ಲಿಸ್ 1930ರ ದಶಕದಲ್ಲಿಯೇ ಬೆನ್ನುಮೂಳೆಯನ್ನು ಮುಖ್ಯ ಗುರುತಾಗಿ ಹೇಳಿದ್ದರು. ಬೆನ್ನುಮೂಳೆ ಸರಿಯಾಗಿ ಬೆಳೆಯದ ಪ್ರಕರಣಗಳೂ ಸಿಕ್ಕಿದ್ದರಿಂದ 2001ರಲ್ಲಿ ಸ್ಪೆನ್ಸರ್ ಎಂಬ ತಜ್ಞೆ ಬೇರೆ ಗುರುತುಗಳನ್ನು ಸೇರಿಸಿದರು: ಅದು ಚೀಲದೊಳಗಿರಬೇಕು, ಚರ್ಮದಿಂದ ಪೂರ್ತಿ ಅಥವಾ ಭಾಗಶಃ ಮುಚ್ಚಿರಬೇಕು, ಕಣ್ಣಿಗೆ ಗುರುತು ಸಿಗುವ ಅಂಗಗಳಿರಬೇಕು, ಕೆಲವೇ ದೊಡ್ಡ ರಕ್ತನಾಳಗಳಿಂದ ಕೂಸಿಗೆ ಅಂಟಿರಬೇಕು.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಟೆರಟೋಮ ಕೆಲವೊಮ್ಮೆ ಕ್ಯಾನ್ಸರ್ ಆಗಿ ತಿರುಗುತ್ತದೆ. ಒಳಗಿನ ಭ್ರೂಣದಲ್ಲಿ ಹಾಗಾಗುವುದು ತೀರಾ ಅಪರೂಪ. ಇದಕ್ಕಾಗಿ ಎಎಫ್‌ಪಿ, ಬೀಟಾ ಎಚ್‌ಸಿಜಿ ಎಂಬ ರಕ್ತಪರೀಕ್ಷೆಗಳನ್ನೂ ಮಾಡಿಸುತ್ತಾರೆ. ಇಲ್ಲಿ ಒಂದು ಮಾತು ನೆನಪಿಡಿ. ಹುಟ್ಟಿದ ಪ್ರತಿ ಕೂಸಿನ ರಕ್ತದಲ್ಲೂ ಎಎಫ್‌ಪಿ ಸಹಜವಾಗಿಯೇ ಬಹಳ ಹೆಚ್ಚಿದ್ದು, ತಿಂಗಳುಗಳು ಕಳೆದಂತೆ ಇಳಿಯುತ್ತದೆ. ವರದಿಯಲ್ಲಿ ದೊಡ್ಡವರ ಮಟ್ಟದೊಂದಿಗೆ ಹೋಲಿಸಿ ದಪ್ಪಕ್ಷರದಲ್ಲಿ ಮುದ್ರಿಸಿರಬಹುದು. ಅದನ್ನು ಮೊಬೈಲಿನಲ್ಲಿ ಹುಡುಕಿ ಕ್ಯಾನ್ಸರ್ ಎಂದು ಎದೆಗುಂದಬೇಡಿ. ಮಗುವಿನ ವಯಸ್ಸಿಗೆ ಎಷ್ಟಿರಬೇಕೆಂದು ಹೇಳಬೇಕಾದವರು ಮಕ್ಕಳ ತಜ್ಞರು.

ಹೆರಿಗೆಗೆ ಮೊದಲೇ ತಿಳಿಯಬಹುದೇ?

ಕೆಲವೊಮ್ಮೆ ತಿಳಿಯುತ್ತದೆ. 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾದಲ್ಲಿ ಎಂಟು ತಿಂಗಳು ದಾಟಿದ ಗರ್ಭಿಣಿಯೊಬ್ಬರ ಅಲ್ಟ್ರಾಸೌಂಡ್ ಮಾಡುವಾಗ ಗರ್ಭದಲ್ಲಿದ್ದ ಮಗುವಿನ ಹೊಟ್ಟೆಯಲ್ಲಿ ಮೂಳೆಗಳಿದ್ದ ಗಂಟು ವೈದ್ಯರ ಕಣ್ಣಿಗೆ ಬಿತ್ತು. ಹೆರಿಗೆ ಎಲ್ಲಿ ಆಗಬೇಕು, ಕೂಸನ್ನು ಎಲ್ಲಿಗೆ ಕಳುಹಿಸಬೇಕು ಎಂದು ಮೊದಲೇ ತೀರ್ಮಾನಿಸಲು ಇದರಿಂದ ಅನುಕೂಲವಾಯಿತು.

ಗರ್ಭಿಣಿಯರು 18ರಿಂದ 20 ವಾರಗಳ ನಡುವೆ ಮಾಡಿಸುವ ಅಂಗಾಂಗ ಸ್ಕ್ಯಾನಿಂಗ್ ತಪ್ಪಿಸಬಾರದು. ಆಗ ಎಲ್ಲವೂ ಸರಿಯಿದೆ ಎಂದು ಬಂದರೂ ಕೆಲವು ಗಂಟುಗಳು ನಂತರವೇ ದೊಡ್ಡದಾಗುತ್ತವೆ. ಆದ್ದರಿಂದ ಕೊನೆಯ ತಿಂಗಳುಗಳ ಸ್ಕ್ಯಾನಿಂಗ್‌ಗೆ ವೈದ್ಯರು ಹೇಳಿದರೆ ಅದನ್ನೂ ಮಾಡಿಸಿ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಸ್ಕ್ಯಾನಿಂಗ್ ಕೋಣೆಯಲ್ಲಿ "ಗಂಡೋ ಹೆಣ್ಣೋ" ಎಂದು ಮಾತ್ರ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಅದನ್ನು ಕೇಳುವುದೂ ಹೇಳುವುದೂ ಅಪರಾಧ. "ಮಗುವಿನ ಮೂತ್ರಪಿಂಡ, ಹೊಟ್ಟೆ, ಬೆನ್ನು, ಹೃದಯ ಸರಿಯಿವೆಯೇ?" ಎಂದು ಕೇಳಿ. ಅದು ನಿಮ್ಮ ಹಕ್ಕು.

ಚಿಕಿತ್ಸೆ

ಒಳಗಿನ ಭ್ರೂಣಕ್ಕೆ ಮಾತ್ರೆ, ಔಷಧಿಯಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಚೀಲ ಸಮೇತ ಪೂರ್ತಿಯಾಗಿ ತೆಗೆಯಬೇಕು. ಚೀಲದ ತುಂಡು ಉಳಿದರೆ ಮತ್ತೆ ಗೆಡ್ಡೆ ಬೆಳೆಯುವ ಸಾಧ್ಯತೆ ಇರುತ್ತದೆ. ಸ್ಕ್ಯಾನಿಂಗ್‌ನಲ್ಲಿ ರಕ್ತನಾಳಗಳ ನಕ್ಷೆ ಸರಿಯಾಗಿ ಸಿಕ್ಕಿದ್ದರೆ ಶಸ್ತ್ರವೈದ್ಯರ ಕೆಲಸ ಸುಲಭವಾಗುತ್ತದೆ, ರಕ್ತಸ್ರಾವದ ಅಪಾಯ ತಗ್ಗುತ್ತದೆ. ಹೆಚ್ಚಿನ ಮಕ್ಕಳು ಚೇತರಿಸಿಕೊಂಡು ಬೇರೆ ಮಕ್ಕಳಂತೆಯೇ ಬೆಳೆಯುತ್ತಾರೆ. ತೆಗೆದದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲೇಬೇಕು. ಅದರಲ್ಲಿ ಕ್ಯಾನ್ಸರ್‌ಕಾರಕ ಜೀವಕೋಶ ಇಲ್ಲವೆಂದು ಖಚಿತವಾಗುವುದು ಆ ವರದಿಯಿಂದಲೇ. ನಂತರವೂ ಸುಮಾರು ಎರಡು ವರ್ಷ ಆಗಾಗ ರಕ್ತಪರೀಕ್ಷೆ, ಅಲ್ಟ್ರಾಸೌಂಡ್ ಮಾಡಿಸುತ್ತಿರಬೇಕು. ಗಾಯ ಒಣಗಿತು, ಮಗು ಆಡುತ್ತಿದೆ ಎಂದು ಈ ತಪಾಸಣೆ ಬಿಡಬೇಡಿ.

ತೋರಿಸದೆ ಬಿಟ್ಟರೆ ಏನಾಗುತ್ತದೆ? 1999ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಗೆ ನಾಗಪುರದ ಕಡೆಯ, 36ರ ಪ್ರಾಯದ ವ್ಯಕ್ತಿಯೊಬ್ಬರು ಉಸಿರಾಡಲೂ ಕಷ್ಟಪಡುತ್ತಾ ಬಂದರು. ಅವರ ಹೊಟ್ಟೆ ವರ್ಷಗಳಿಂದ ದೊಡ್ಡದಾಗುತ್ತಲೇ ಬಂದಿತ್ತು. ತುಂಬು ಗರ್ಭಿಣಿಯಂತಿದ್ದಾನೆ ಎಂದು ಜನ ಗೇಲಿ ಮಾಡುತ್ತಿದ್ದರು. ವೈದ್ಯರು ಗೆಡ್ಡೆಯೆಂದು ಭಾವಿಸಿ ಶಸ್ತ್ರಚಿಕಿತ್ಸೆ ಮಾಡಿದಾಗ ಒಳಗೆ ಸಿಕ್ಕಿದ್ದು ಕೈಕಾಲುಗಳಿದ್ದ ಅವಳಿ ಭ್ರೂಣ. ಅವರು ಬದುಕಿದರು. ಆದರೆ ಕೂಸಾಗಿದ್ದಾಗಲೇ ಮುಗಿಯಬಹುದಾಗಿದ್ದ ತೊಂದರೆಯನ್ನು ಅವರು ಮೂರೂವರೆ ದಶಕ ಹೊತ್ತು ತಿರುಗಿದ್ದರು.

ಹೊರಗೆ ಅಂಟಿಕೊಂಡ ಅವಳಿ

ಬೆಳೆಯದೆ ಉಳಿದ ಅವಳಿ ಕೆಲವೊಮ್ಮೆ ದೇಹದ ಒಳಗಲ್ಲ, ಹೊರಗೆ ಅಂಟಿಕೊಂಡಿರುತ್ತದೆ. ಇದನ್ನು ಪರಾವಲಂಬಿ ಅವಳಿ ಎನ್ನುತ್ತಾರೆ. ಇದರ ಪ್ರಸಿದ್ಧ ಚಿಕಿತ್ಸೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಬಿಹಾರದ ಅರರಿಯಾ ಜಿಲ್ಲೆಯ ಬಡ ಕೂಲಿ ಕುಟುಂಬದ ಎರಡು ವರ್ಷದ ಹೆಣ್ಣುಮಗುವಿಗೆ ತಲೆಯಿಲ್ಲದ ಅವಳಿಯ ದೇಹ ಸೊಂಟದ ಬಳಿ ಅಂಟಿಕೊಂಡಿತ್ತು. ನಾಲ್ಕು ಕೈ, ನಾಲ್ಕು ಕಾಲು ಇದ್ದಂತೆ ಕಾಣುತ್ತಿತ್ತು. ಕೆಲವರು ಅವಳನ್ನು ದೇವಿಯೆಂದು ನೋಡಲು ಬಂದರು. ಸರ್ಕಸ್ಸಿಗೆ ಕೊಳ್ಳಲು ಬಂದವರೂ ಇದ್ದರೆಂದು ಆಗ ವರದಿಯಾಗಿತ್ತು. 2007ರ ನವೆಂಬರ್‌ನಲ್ಲಿ ಸ್ಪರ್ಶ್ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲ್ ಅವರ ನೇತೃತ್ವದಲ್ಲಿ ಮೂವತ್ತಕ್ಕೂ ಹೆಚ್ಚು ವೈದ್ಯರು 24 ಗಂಟೆಗೂ ಹೆಚ್ಚು ಕಾಲ ಶಸ್ತ್ರಚಿಕಿತ್ಸೆ ನಡೆಸಿ ಅವಳನ್ನು ಬಿಡಿಸಿದರು. ಆ ಕುಟುಂಬದಿಂದ ಹಣ ಪಡೆಯಲಿಲ್ಲ. ಯಾವ ಬೆನ್ನುಮೂಳೆ ಯಾರದು, ಮೂತ್ರಪಿಂಡ ಎಲ್ಲಿದೆ, ನರಗಳು ಎಲ್ಲಿ ಹೆಣೆದುಕೊಂಡಿವೆ ಎಂಬುದನ್ನು ಮೊದಲೇ ಸ್ಕ್ಯಾನಿಂಗ್‌ಗಳಿಂದ ಅರಿಯದೆ ಇಂತಹ ಶಸ್ತ್ರಚಿಕಿತ್ಸೆಗೆ ಕೈ ಹಾಕುವುದೇ ಅಸಾಧ್ಯ.

ಪೆರೇಸಂದ್ರದಿಂದ ಎಲ್ಲಿಗೆ?

ಮೊದಲು ನಿಮ್ಮ ಆಶಾ ಕಾರ್ಯಕರ್ತೆಗೆ ತಿಳಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ಬಾಣಂತಿ ಕೋಣೆಗೆ ಹೊರಗಿನವರು ಬೇಡವೆಂದು ಬಾಗಿಲಲ್ಲೇ ಕಳುಹಿಸಬೇಡಿ. ಕೂಸಿನ ಬಟ್ಟೆ ಬಿಚ್ಚಿ ಹೊಟ್ಟೆ, ಬೆನ್ನು ತೋರಿಸಿ. ದೊಡ್ಡ ಮಕ್ಕಳಾದರೆ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತೋರಿಸಬಹುದು. ಹುಟ್ಟಿನಿಂದ ಬಂದ ದೋಷಗಳನ್ನು ಗುರುತಿಸಿ ಮುಂದಿನ ಆಸ್ಪತ್ರೆಗೆ ಕಳುಹಿಸುವುದೇ ಈ ತಂಡದ ಕೆಲಸ. 18 ವರ್ಷದವರೆಗಿನ ಮಕ್ಕಳಿಗೆ ಇದು ಅನ್ವಯಿಸುತ್ತದೆ.

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡಿ ಚೀಟಿ ಬರೆದರೆ ಹೆದ್ದಾರಿಯಲ್ಲೇ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಕ್ಕಳ ತಜ್ಞರಿಗೆ ತೋರಿಸಿ. ಗಂಟು ಖಚಿತವಾದರೆ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆ ಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮಕ್ಕಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ದೊಡ್ಡವರ ಶಸ್ತ್ರವೈದ್ಯರಲ್ಲಿಗೆ ಅಲೆದು ದಿನ ಕಳೆಯಬೇಡಿ.

ಖರ್ಚಿನ ಭಯದಿಂದ ಹಿಂದೆ ಸರಿಯಬೇಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ, ಚಿಕಿತ್ಸೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದು ಉಚಿತ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಪಡೆಯಿರಿ. ಹೊರಡುವಾಗ ತಾಯಿ ಕಾರ್ಡ್, ಮಗುವಿನ ಜನನ ಪತ್ರ, ಪಡಿತರ ಚೀಟಿ, ತಂದೆತಾಯಿಯ ಆಧಾರ್, ಈವರೆಗಿನ ಎಲ್ಲ ಸ್ಕ್ಯಾನಿಂಗ್ ಫಿಲ್ಮ್ ಮತ್ತು ವರದಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಸ್ಕ್ಯಾನಿಂಗ್ ಕೇಂದ್ರದವರು ಸಿಡಿ ಕೊಟ್ಟರೆ ಅದನ್ನೂ ಇಡಿ. ಬರೀ ವರದಿಯ ಕಾಗದಕ್ಕಿಂತ ಚಿತ್ರಗಳೇ ಶಸ್ತ್ರವೈದ್ಯರಿಗೆ ಹೆಚ್ಚು ಬೇಕು.

ಮನೆಯವರ ಮನಸ್ಸಿನ ಪ್ರಶ್ನೆ

"ಒಳಗಿರುವುದೂ ಒಂದು ಜೀವವಲ್ಲವೇ? ಅದನ್ನು ತೆಗೆಸಿದರೆ ಪಾಪವಲ್ಲವೇ?" ಎಂದು ಕೇಳುವವರಿದ್ದಾರೆ. ವೈದ್ಯಕೀಯವಾಗಿ ಉತ್ತರ ಸ್ಪಷ್ಟ: ಅದಕ್ಕೆ ತನ್ನದೇ ಆದ ಜೀವನವಿಲ್ಲ, ಬದುಕುವ ಸಾಧ್ಯತೆಯೂ ಇಲ್ಲ. ಅದನ್ನು ಹಾಗೇ ಬಿಟ್ಟರೆ ತೊಂದರೆಯಾಗುವುದು ಉಸಿರಾಡುತ್ತಿರುವ, ನಿಮ್ಮ ಮುಖ ನೋಡಿ ನಗುತ್ತಿರುವ ಕೂಸಿಗೆ. ಪರೀಕ್ಷೆ ಮುಗಿದ ನಂತರ ಅದನ್ನು ಏನು ಮಾಡಬೇಕು, ದಫನ ಮಾಡಬೇಕೇ ಎಂಬ ಪ್ರಶ್ನೆ ಇದ್ದರೆ ಆಸ್ಪತ್ರೆಯವರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಿ, ನಿಮ್ಮ ಆಲಿಮರಲ್ಲಿ ಕೇಳಿಕೊಳ್ಳಿ. ಆದರೆ ಆ ಉತ್ತರಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ತಡಮಾಡಬೇಡಿ, ಪ್ರಯೋಗಾಲಯದ ಪರೀಕ್ಷೆಯನ್ನೂ ತಪ್ಪಿಸಬೇಡಿ.

ಕೊನೆಯದಾಗಿ ನೆರೆಹೊರೆಯವರಿಗೆ ಒಂದು ಮಾತು. ಇಂತಹ ಮಗು ನಿಮ್ಮ ಬೀದಿಯಲ್ಲಿದ್ದರೆ ಗುಂಪುಗೂಡಿ ನೋಡಲು ಹೋಗಬೇಡಿ, ಫೋಟೋ ತೆಗೆದು ಹರಡಬೇಡಿ. ಆ ಚಿತ್ರ ಮಗು ದೊಡ್ಡದಾಗಿ ಶಾಲೆಗೆ ಹೋಗುವಾಗಲೂ, ಮದುವೆಯ ಮಾತು ಬಂದಾಗಲೂ ಯಾರದೋ ಮೊಬೈಲಿನಲ್ಲಿ ಉಳಿದಿರುತ್ತದೆ. ಸಹಾಯ ಮಾಡುವ ಮನಸ್ಸಿದ್ದರೆ ಬೆಂಗಳೂರಿಗೆ ಹೋಗಿಬರುವ ದಾರಿಖರ್ಚು ಕೊಡಿ, ಮನೆಯಲ್ಲಿ ಉಳಿದ ದೊಡ್ಡ ಮಕ್ಕಳಿಗೆ ಎರಡು ಹೊತ್ತು ಊಟ ಹಾಕಿ, ರೆಫರಲ್ ಚೀಟಿ ಬರೆಸಲು ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲಿ. ಮಗುವನ್ನು ಎತ್ತಿಕೊಂಡು ಓಡಾಡುವ ತಂದೆತಾಯಿಗೆ ಆ ಹೊತ್ತಿನಲ್ಲಿ ಬೇಕಾಗಿರುವುದು ಇದೇ.